ರಾ ಫೋಟೊ: ಲೈಟ್‌ರೂಮ್ ಬಿಡಬೇಕಾ? ಡಾರ್ಕ್‌ಟೇಬಲ್ಲೋ ರಾಥೆರಪಿಯೋ?

ಕಡ್ಲೆಪುರಿ ಕೇಳಿದ್ದು:

ಕ್ಯಾಮೆರಾ ಎರಡು: ನಿಕಾನ್ ಝಡ್6-2, ಫ್ಯೂಜಿ ಎಕ್ಸ್-ಟಿ30. ತೆಗೆಯೋದು ರಾ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಬರೆದಿಡೋ ಫೈಲು. ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಉಬುಂಟು, ವಿಂಡೋಸ್ ಎರಡೂ ಹಾಕಿದೆ. ತೆಗೆಯೋದು ಹೆಚ್ಚಾಗಿ ಬಸವನಗುಡಿ ಕಡಲೆಕಾಯಿ ಪರಿಷೆಯ ರಾತ್ರಿ ಅಂಗಡಿ ಸಾಲು, ಕಲಾಕ್ಷೇತ್ರದಲ್ಲಿ ಯಕ್ಷಗಾನ, ಲಾಲ್‌ಬಾಗಲ್ಲಿ ಹೂವು. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 3200ರಿಂದ 6400. ಕೊನೆಗೆ ಬೇಕಿರೋದು 12×18 ಇಂಚಿನ ಪ್ರಿಂಟು.

ಈಗ ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್, ಚಂದಾ ಕಟ್ಟಿ ಬಳಸ್ತಿರೋದು. ಎರಡು ವರ್ಷದ ಎಡಿಟ್ ಅದರೊಳಗೇ ಇದೆ. ಬಿಟ್ಟರೆ ಆ ಎಡಿಟ್‌ಗಳನ್ನು ಉಚಿತ ಸಾಫ್ಟ್‌ವೇರ್‌ಗಳಾದ ಡಾರ್ಕ್‌ಟೇಬಲ್‌ಗೋ ರಾಥೆರಪಿಗೋ ತಗೊಂಡು ಹೋಗಬಹುದಾ? ರಂಗದ ನೀಲಿ ಎಲ್‌ಇಡಿ ಬಿದ್ದ ಮುಖಗಳು ಬಣ್ಣ ಮೆತ್ತಿದ ಹಾಗೆ ಚಪ್ಪಟೆ ಆಗ್ತವೆ, ಬೇರೆ ಸಾಫ್ಟ್‌ವೇರಲ್ಲಿ ಸರಿ ಹೋಗುತ್ತಾ? 8 ಜಿಬಿ ಸಾಲುತ್ತಾ?

ಹಳೇಲೆನ್ಸು:

ಮೊದಲನೇದಕ್ಕೆ ನೇರ ಉತ್ತರ: ಇದ್ದ ಹಾಗೇ ಹೋಗಲ್ಲ. ರಾ ಸಾಫ್ಟ್‌ವೇರ್ ಯಾವುದೂ ಫೈಲಿನ ಪಿಕ್ಸೆಲ್ ಮುಟ್ಟಲ್ಲ, ಏನು ಮಾಡಬೇಕು ಅನ್ನೋ ಪಟ್ಟಿಯನ್ನಷ್ಟೇ ಬರೆದಿಡುತ್ತೆ. ಆ ಪಟ್ಟಿ ಓದೋಕೆ ಬರೆದ ಸಾಫ್ಟ್‌ವೇರೇ ಬೇಕು. ಲೈಟ್‌ರೂಮಿನ "ಶ್ಯಾಡೋಸ್ +40" ಅನ್ನೋದಕ್ಕೆ ಡಾರ್ಕ್‌ಟೇಬಲ್ಲಲ್ಲಿ ಅರ್ಥವೇ ಇಲ್ಲ, ಅಲ್ಲಿನ ಲೆಕ್ಕಾಚಾರವೇ ಬೇರೆ. ನಾನು ಸಾಫ್ಟ್‌ವೇರ್ ಆರಿಸೋವಾಗ ಸ್ಲೈಡರ್ ಎಷ್ಟಿದೆ ಅನ್ನೋದಕ್ಕಿಂತ ಇದನ್ನೇ ಮೊದಲು ನೋಡಿ ಅನ್ನೋದು. ಈ ವರ್ಷ ಮಾಡಿದ ಕೆಲಸ ಐದು ವರ್ಷ ಆದ್ಮೇಲೆ ಯಾವುದರಲ್ಲಿ ತೆರೆಯುತ್ತೆ?

ಸಾಗಿಸೋಕೆ ಆಗೋದು ಇಷ್ಟು. ಲೈಟ್‌ರೂಮಲ್ಲಿ ಎಲ್ಲಾ ಫೋಟೊ ಸೆಲೆಕ್ಟ್ ಮಾಡಿ ಕಂಟ್ರೋಲ್-ಎಸ್ ಒತ್ತಿ. ಪ್ರತಿ ಫೋಟೊ ಪಕ್ಕ ಆ ಪಟ್ಟಿ ಇರೋ ಒಂದು ಎಕ್ಸ್‌ಎಂಪಿ ಫೈಲ್ ಹುಟ್ಟುತ್ತೆ. ನಕ್ಷತ್ರ, ಕೀವರ್ಡು, ಬಣ್ಣದ ಲೇಬಲ್ಲನ್ನು ಡಾರ್ಕ್‌ಟೇಬಲ್ ಇದರಿಂದ ಓದಿಕೊಳ್ಳುತ್ತೆ. ಕ್ರಾಪು, ಎಕ್ಸ್‌ಪೋಶರ್ ತರದ ಕೆಲವು ಅಂದಾಜಿಗೆ ಬರ್ತವೆ. ಬ್ರಷ್, ಮಾಸ್ಕ್ (ಚಿತ್ರದ ಒಂದು ಭಾಗವನ್ನಷ್ಟೇ ತಿದ್ದೋಕೆ ಹಾಕೋ ಗುರುತು) ಬರಲ್ಲ. ವರ್ಚುವಲ್ ಕಾಪಿ ಮತ್ತು ಕಲೆಕ್ಷನ್‌ಗಳು ಎಕ್ಸ್‌ಎಂಪಿಗೆ ಇಳಿಯೋದೇ ಇಲ್ಲ, ಲೈಟ್‌ರೂಮಿನ ಡೇಟಾಬೇಸ್ ಆದ ಕ್ಯಾಟಲಾಗಲ್ಲೇ ಉಳೀತವೆ. ಜನ ಎಡವೋದು ಹೆಚ್ಚಾಗಿ ಇಲ್ಲೇ.

ಪ್ರಿಂಟಿಗೆ ಹೋಗುವ ಮಟ್ಟದ ಫೋಟೊಗಳನ್ನು ಮಾತ್ರ 16 ಬಿಟ್ ಟಿಫ್ (ಎಡಿಟ್ ಸೇರಿಸಿದ ಚಿತ್ರದ ಫೈಲು) ಮಾಡಿ ಇಟ್ಕೊಳ್ಳಿ. ಝಡ್6-2ರ 6048×4024 ಚಿತ್ರ ಕಂಪ್ರೆಸ್ ಮಾಡದೆ ಸುಮಾರು 146 ಎಂಬಿ ಆಗುತ್ತೆ. ನೂರು ಫೋಟೊಗೇ 15 ಜಿಬಿ ಹತ್ತಿರ, ಆದ್ದರಿಂದ ಎಲ್ಲವನ್ನೂ ಮಾಡೋಕೆ ಹೋಗಬೇಡಿ. ಚಂದಾ ನಿಂತ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತೆ, ಲೈಬ್ರರಿ ಮತ್ತು ಎಕ್ಸ್‌ಪೋರ್ಟ್ ನಡೆಯುತ್ತೆ. ಎಡಿಟ್ ಮಾಡೋ ಡೆವಲಪ್‌ಗೆ, ಮ್ಯಾಪ್‌ಗೆ ಮಾತ್ರ ಬೀಗ. ಹಳೇ ಎಡಿಟ್ ಮತ್ತೆ ಬೇಕಾದ ದಿನ ಅಲ್ಲಿಂದಲೇ ಟಿಫ್ ತೆಗೀಬಹುದು, ಗಾಬರಿ ಬೇಡ.

ಮೂರೂ ಸಾಫ್ಟ್‌ವೇರ್ ಒಂದೇ ಫೋಲ್ಡರಲ್ಲಿ ಜಗಳವಾಡದೆ ಇರ್ತವೆ. ಲೈಟ್‌ರೂಮಿನ ಎಕ್ಸ್‌ಎಂಪಿಗೆ ಫೋಟೊ ಹೆಸರು ಮಾತ್ರ, ಡಾರ್ಕ್‌ಟೇಬಲ್ಲಿನದ್ದಕ್ಕೆ ಹೆಸರು, ಅದರ ಹಿಂದೆ ಎನ್‌ಇಎಫ್ (ನಿಕಾನ್ ರಾ ಫೈಲಿನ ಬಾಲ), ಆಮೇಲೆ ಎಕ್ಸ್‌ಎಂಪಿ. ರಾಥೆರಪಿಯದ್ದು ಪಿಪಿ3. ಒಂದು ಇನ್ನೊಂದರ ಮೇಲೆ ಬರೆಯಲ್ಲ.

ಚೌಕಿಮನೆ:

ನೀಲಿ ಎಲ್‌ಇಡಿ ವಿಷಯದಲ್ಲಿ ಎರಡು ಬೇರೆ ಕಾಯಿಲೆಗೆ ಒಂದೇ ಲಕ್ಷಣ.

ಒಂದು, ರಾ ಫೈಲಲ್ಲೇ ನೀಲಿ ಚಾನೆಲ್ (ನೀಲಿ ಬಣ್ಣದ ಅಳತೆ) ತುಂಬಿ ಹೋಗಿರೋದು. ರಾ 14 ಬಿಟ್, ಅಂದರೆ ಅಳತೆಗೆ 16384 ಹಂತ. ನೀಲಿ ಆ ತುದಿ ಮುಟ್ಟಿದಾಗ ಹಸಿರು, ಕೆಂಪು ಇನ್ನೂ ತಳದಲ್ಲೇ ಇರ್ತವೆ. ಕ್ಯಾಮೆರಾ ಹಿಂದಿನ ಪರದೆಯ ಬಿಳಿ ಹಿಸ್ಟೋಗ್ರಾಂ (ಬೆಳಕಿನ ಗ್ರಾಫು) ಇದನ್ನು ತೋರಿಸೋದೇ ಇಲ್ಲ, ಯಾಕೆಂದರೆ ಬೆಳಕಿನ ಒಟ್ಟು ಲೆಕ್ಕದಲ್ಲಿ ನೀಲಿಯ ಪಾಲು ನೂರಕ್ಕೆ ಸುಮಾರು 7 ಮಾತ್ರ. ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿ, ನೀಲಿ ಬಲಗೋಡೆಗೆ ತಾಗ್ತಿದ್ದರೆ 1 ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧ ಮಾಡಿ. ತುಂಬಿಹೋದ ಚಾನೆಲ್ಲನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ತಂದ ಹಾಗೆ ಕಂಡರೆ ಅದು ಅಕ್ಕಪಕ್ಕದಿಂದ ಊಹಿಸಿ ತುಂಬಿದ್ದು.

ಎರಡು, ಚಾನೆಲ್ ತುಂಬಿಲ್ಲ, ಆದರೂ ಮುಖ ಚಪ್ಪಟೆ. ಎಲ್‌ಇಡಿಯ ನೀಲಿ 450ರಿಂದ 470 ನ್ಯಾನೊಮೀಟರ್ ಸುತ್ತ ಬಹಳ ಕಿರಿದಾದ ಪಟ್ಟಿ. ಕ್ಯಾಮೆರಾದ ಬಣ್ಣವನ್ನು ಮಾಮೂಲಿ ಬಣ್ಣಕ್ಕೆ ಪರಿವರ್ತಿಸೋ ಮ್ಯಾಟ್ರಿಕ್ಸಿಗೆ ಇಂಥ ಶುದ್ಧ ನೀಲಿ ಕೊಟ್ಟರೆ ಕೆಂಪು, ಹಸಿರು ಸೊನ್ನೆಗಿಂತ ಕೆಳಗೆ ಹೋಗ್ತವೆ. ಅಲ್ಲಿ ಕತ್ತರಿಸಿದರೆ ಮೂಗು, ಕೆನ್ನೆ, ಮುಂಡಾಸಿನ ಅಂಚು ಎಲ್ಲಾ ಒಂದೇ ನೀಲಿ. ಇದನ್ನು ಸರಿ ಮಾಡಬಹುದು.

ಯಾವುದು ಅಂತ ಪತ್ತೆ ಹಚ್ಚೋಕೆ ಡಾರ್ಕ್‌ಟೇಬಲ್ಲಿನ ಎಡಿಟ್ ಪರದೆ ಡಾರ್ಕ್‌ರೂಮಲ್ಲಿ ಚಿತ್ರದ ಕೆಳಗಿರುವ ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ ಒತ್ತಿ. ಮುಖದ ಮೇಲೆ ಗುರುತು ಬಂದರೆ ಮೊದಲನೇ ಕಾಯಿಲೆ. ಬರದಿದ್ದರೆ ಹೀಗೆ ಮಾಡಿ: ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು (ಮಾಡ್ಯೂಲ್ ಅಂದರೆ ಒಂದು ಉಪಕರಣ) ಕ್ಯಾಮೆರಾ ರೆಫರೆನ್ಸಲ್ಲೇ ಬಿಡಿ. ಬಣ್ಣದ ತಾಪವನ್ನು ಕಲರ್ ಕ್ಯಾಲಿಬ್ರೇಷನಲ್ಲಿ ಕೊಡಿ, ಆದರೆ ನೀಲಿ ದೃಶ್ಯದಲ್ಲಿ ಆಟೋ ಬಳಸಬೇಡಿ. ಅದೇ ಪ್ರಸಂಗದಲ್ಲಿ ಬಿಳಿ ಬೆಳಕಿದ್ದ ಒಂದು ಫ್ರೇಮಲ್ಲಿ ಸರಿಪಡಿಸಿ, ಆ ಮೌಲ್ಯವನ್ನೇ ಇಲ್ಲಿಗೆ ಕಾಪಿ ಮಾಡಿ. ಆಮೇಲೆ ಅದೇ ಮಾಡ್ಯೂಲಿನ ಗ್ಯಾಮಟ್ ಕಂಪ್ರೆಷನ್ (ಅತಿ ಗಾಢ ಬಣ್ಣವನ್ನು ತಗ್ಗಿಸೋದು) ನಿಧಾನಕ್ಕೆ ಏರಿಸಿ. ಮೂಗಿನ ಪಕ್ಕದ ನೆರಳು ಮರಳಿ ಬಂದ ಕೂಡಲೇ ನಿಲ್ಲಿಸಿ, ಇನ್ನೂ ಏರಿಸಿದರೆ ಇಡೀ ರಂಗ ಬೂದಿ ಬಣ್ಣಕ್ಕೆ ತಿರುಗುತ್ತೆ. ಟೋನ್‌ಗೆ, ಅಂದರೆ ಬೆಳಕು-ನೆರಳಿನ ಹೊಂದಾಣಿಕೆಗೆ, ಫಿಲ್ಮಿಕ್ ಮಾಡ್ಯೂಲ್ ಬದಲು ಸಿಗ್ಮಾಯ್ಡ್ ಹಾಕಿ ಅದರ ಸ್ಮೂತ್ ಪ್ರೀಸೆಟ್ ಆರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಇಷ್ಟಕ್ಕೇ ಅಂತ ಲೈಟ್‌ರೂಮ್ ಬಿಡಬೇಕಾಗಿಲ್ಲ. ಅದರಲ್ಲೂ ಪ್ರೊಫೈಲನ್ನು ಅಡೋಬಿ ಕಲರಿಂದ ಕ್ಯಾಮೆರಾ ನ್ಯೂಟ್ರಲ್‌ಗೆ ಬದಲಿಸಿ, ಕ್ಯಾಲಿಬ್ರೇಷನ್ ಪ್ಯಾನೆಲಲ್ಲಿ ಬ್ಲೂ ಪ್ರೈಮರಿಯ ಸ್ಯಾಚುರೇಷನ್ ಇಳಿಸಿದರೆ ಸಾಕಷ್ಟು ಸುಧಾರಿಸುತ್ತೆ.

ಪರಿಷೆಯ ಕಥೆ ಬೇರೆ. ಅಂಗಡಿಯ ಹಳದಿ ಬಲ್ಬು, ರಸ್ತೆಯ ಬಿಳಿ ದೀಪ ಎರಡೂ ಒಂದೇ ಫ್ರೇಮಲ್ಲಿ. ಇಲ್ಲಿ ಡಾರ್ಕ್‌ಟೇಬಲ್ ನಿಜಕ್ಕೂ ಮುಂದೆ. ಕಲರ್ ಕ್ಯಾಲಿಬ್ರೇಷನ್ ಎರಡು ಸಲ ಹಾಕಿ. ಮೊದಲನೇದಕ್ಕೆ ಅಂಗಡಿ ಸುತ್ತ ಮಾಸ್ಕ್ ಬರೆಯಿರಿ, ಎರಡನೇದಕ್ಕೆ ಅದೇ ಮಾಸ್ಕನ್ನು ರಾಸ್ಟರ್ ಮಾಸ್ಕಾಗಿ ಎರವಲು ತಗೊಂಡು ಉಲ್ಟಾ ಮಾಡಿ, ಆಗ ಅದು ಅಂಗಡಿ ಬಿಟ್ಟು ಉಳಿದ ಭಾಗಕ್ಕೆ. ಮಾಸ್ಕ್ ಇಲ್ಲದೆ ಎರಡು ಹಾಕಿದರೆ ಬಣ್ಣ ಎರಡೆರಡು ಸಲ ತಿದ್ದಿಹೋಗಿ ಗುಡ್ಡೆ ಹಾಕಿದ ಕಡಲೆಕಾಯಿ ನೇರಳೆ ಆಗುತ್ತೆ.

ದೀಪದ ಪಟ್ಟೆ ಬಿದ್ದಿದ್ದರೆ ಮಾತ್ರ ರಾ ಸಾಫ್ಟ್‌ವೇರ್ ಕಡೆ ನೋಡಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಮಿನುಗೋದು ಸೆಕೆಂಡಿಗೆ 100 ಸಲ. ಶಟರ್ 1/100 ಅಥವಾ 1/50 ಇಟ್ಟು, ಸೈಲೆಂಟ್ ಶಟರ್ ಆಫ್ ಮಾಡಿ. ರಂಗದ ಎಲ್‌ಇಡಿಗಳು ಇದಕ್ಕೂ ಬಗ್ಗದೇ ಇರಬಹುದು, ಅವು ಬೇರೆ ವೇಗದಲ್ಲಿ ಮಿನುಗ್ತವೆ.

ತುರಹಳ್ಳಿ_ಟ್ರೈಪಾಡ್:

8 ಜಿಬಿಯಲ್ಲಿ ನಡೆಯುತ್ತೆ, ಬ್ರೌಸರ್ ಮುಚ್ಚಿದ್ದರೆ. ಡಾರ್ಕ್‌ಟೇಬಲ್ಲಲ್ಲಿ ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲನ್ನು ದೂರವಿಡಿ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದು ಪ್ರತಿ ಸಲ ಚಕ್ರ ತಿರುಗಿಸ್ತಾ ಕೂರುತ್ತೆ. ಬದಲಿಗೆ ಲೋಕಲ್ ಕಾಂಟ್ರಾಸ್ಟ್ ಮತ್ತು ಡೀನಾಯ್ಸ್ ಪ್ರೊಫೈಲ್ಡ್ ಸಾಕು (ನಾಯ್ಸ್ ಅಂದರೆ ಚಿತ್ರದಲ್ಲಿ ಕಾಣೋ ಮರಳಿನಂಥ ಕಾಳು). ಎರಡನೇದು ಕ್ಯಾಮೆರಾ ಮಾಡೆಲ್ಲಿನ ಅಳತೆ ಮಾಡಿದ ನಾಯ್ಸ್ ಲೆಕ್ಕ ನೋಡಿ ಐಎಸ್‌ಒಗೆ ತಕ್ಕಂತೆ ಕೆಲಸ ಮಾಡುತ್ತೆ. ಲ್ಯಾಪ್‌ಟಾಪಲ್ಲಿ ಸ್ಲಾಟ್ ಖಾಲಿ ಇದ್ದರೆ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು 8 ಜಿಬಿ ಹಾಕಿಸಿ. ಎರಡು ವರ್ಷದ ಚಂದಾಕ್ಕಿಂತ ಅದೇ ಲಾಭ.

ಉಬುಂಟು ಎಲ್‌ಟಿಎಸ್ ಜೊತೆ ಬರೋ ಡಾರ್ಕ್‌ಟೇಬಲ್ ಹಳೇದಿರುತ್ತೆ, ಹೊಸ ಆವೃತ್ತಿಗೆ ಫ್ಲ್ಯಾಟ್‌ಪ್ಯಾಕ್ ಅಥವಾ ಆಪ್‌ಇಮೇಜ್ ಪ್ಯಾಕೇಜ್ ತಗೊಳ್ಳಿ. ಆದರೆ ಹೊಸ ಆವೃತ್ತಿ ಒಮ್ಮೆ ನಿಮ್ಮ ಲೈಬ್ರರಿ ತೆರೆದರೆ ಡೇಟಾಬೇಸ್ ಮೇಲ್ದರ್ಜೆಗೆ ಏರುತ್ತೆ, ಮತ್ತೆ ಹಳೇದರಲ್ಲಿ ತೆರೆಯಲ್ಲ. ಉಬುಂಟು, ವಿಂಡೋಸ್ ಎರಡರಲ್ಲೂ ಒಂದೇ ಆವೃತ್ತಿ ಇಟ್ಟು, ಸ್ಟೋರೇಜ್ ಸೆಟ್ಟಿಂಗಲ್ಲಿ "ಶುರುವಾದಾಗ ಬದಲಾದ ಎಕ್ಸ್‌ಎಂಪಿ ಹುಡುಕು" ಅನ್ನೋದನ್ನು ಆನ್ ಮಾಡಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದ ಮೇಲೆ ಡೇಟಾಬೇಸ್ ಲಾಕ್ ಆಗಿದೆ ಅಂತ ಹೇಳಿದರೆ, ಬೇರೆ ಡಾರ್ಕ್‌ಟೇಬಲ್ ಓಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಲಾಕ್ ಫೈಲ್ ಅಳಿಸಿ. ಲೈಬ್ರರಿ ಫೈಲನ್ನಲ್ಲ!

ಫ್ಯೂಜಿ ಹೂವಿಗೆ ನನ್ನ ವೋಟು ರಾಥೆರಪಿಗೆ. ಫ್ಯೂಜಿಯ ಎಕ್ಸ್-ಟ್ರಾನ್ಸ್ ಸೆನ್ಸರಲ್ಲಿ ಬಣ್ಣದ ಚೌಕಗಳು 2×2 ಬದಲು 6×6 ವಿನ್ಯಾಸದಲ್ಲಿವೆ. ರಾ ಟ್ಯಾಬಲ್ಲಿ ಡೀಮೊಸಾಯಿಕ್ (ಆ ಚೌಕಗಳಿಂದ ಪೂರ್ಣ ಬಣ್ಣ ಕಟ್ಟೋ ಹಂತ) 3-ಪಾಸ್, ಅದರ ಜೊತೆ ಕ್ಯಾಪ್ಚರ್ ಶಾರ್ಪನಿಂಗ್ ಆನ್ ಮಾಡಿದರೆ ದಾಸವಾಳದ ಎಸಳಿನ ನರ ಸ್ವಚ್ಛವಾಗಿ ಎದ್ದು ಬರುತ್ತೆ. ಲೈಟ್‌ರೂಮಲ್ಲಿ ಶಾರ್ಪನಿಂಗ್ ಜಾಸ್ತಿ ಮಾಡಿದಾಗ ಎಲೆ ಮೇಲೆ ಕಾಣೋ ಹುಳುವಿನಂಥ ಗೆರೆ ಇಲ್ಲಿಲ್ಲ. ಐಎಸ್‌ಒ 6400ಕ್ಕೆ 3-ಪಾಸ್ ದಂಡ, 1-ಪಾಸೇ ಸಾಕು. ಶಾರ್ಪನಿಂಗ್, ನಾಯ್ಸ್ ನೋಡುವಾಗ 1:1ಕ್ಕೆ ಜೂಮ್ ಮಾಡಿ, ಚಿಕ್ಕದಾಗಿ ನೋಡಿದರೆ ಅವುಗಳ ಪರಿಣಾಮ ಸರಿಯಾಗಿ ಕಾಣಲ್ಲ. ರಾಥೆರಪಿಯ ಲೋಕಲ್ ಅಡ್ಜಸ್ಟ್‌ಮೆಂಟ್ ಮಾತ್ರ ಕಲಿಯೋಕೆ ತಲೆನೋವು. ಅದರಿಂದಲೇ ಕವಲೊಡೆದ ಎಆರ್‌ಟಿಯಲ್ಲಿ ಮಾಸ್ಕ್ ಸುಲಭ.

ಒಂದು ಸಂಜೆಗೆ 600 ಫ್ರೇಮ್ ತೆಗೆದು ಮರುದಿನವೇ ಕೊಡಬೇಕಾದವರು ಲೈಟ್‌ರೂಮಲ್ಲೇ ಇರಲಿ ಅಂತೀನಿ. ಅದರ ಎಐ ಡೀನಾಯ್ಸ್ 6400ರಲ್ಲಿ ಡಾರ್ಕ್‌ಟೇಬಲ್ಲಿಗಿಂತ ಚೆನ್ನಾಗಿದೆ, ಒಪ್ಪಬೇಕು. ಆದರೆ ನಿಮ್ಮ ಲ್ಯಾಪ್‌ಟಾಪಲ್ಲಿ ಒಂದೊಂದು ಫೋಟೊಗೂ ನಿಮಿಷಗಟ್ಟಲೆ ಕಾಯಬೇಕು.

ಕಡ್ಲೆಪುರಿ:

ಡಾರ್ಕ್‌ಟೇಬಲ್ ಹಾಕಿದೆ. ನಿಕಾನ್ ಫೈಲ್ ಸರಿಯಾಗಿ ತೆರೀತು. ಫ್ಯೂಜಿಯ ಕೆಲವು ಫೈಲ್ ಮಾತ್ರ ಕಗ್ಗತ್ತಲೆ, ಜೆಪೆಗ್ ಚೆನ್ನಾಗೇ ಇದೆ. ಯಾಕೆ?

ಹಳೇಲೆನ್ಸು:

ಕತ್ತಲಾದ ಫೈಲುಗಳ ಐಎಸ್‌ಒ ನೋಡಿ. ಎಲ್ಲಾ 640 ಅಥವಾ ಅದಕ್ಕಿಂತ ಮೇಲಿದ್ದರೆ ಕ್ಯಾಮೆರಾದಲ್ಲಿ ಡೈನಾಮಿಕ್ ರೇಂಜ್ ಡಿಆರ್400ಕ್ಕೆ ಇರಬೇಕು. ಡಿಆರ್400ರಲ್ಲಿ ಕ್ಯಾಮೆರಾ ರಾವನ್ನು 2 ಸ್ಟಾಪ್ ಕಡಿಮೆ ಬರೆದು, ಜೆಪೆಗ್ ಮಾಡುವಾಗ ನೆರಳನ್ನು ಎತ್ತುತ್ತೆ. ಎಕ್ಸ್-ಟಿ30ಯ ಮೂಲ ಐಎಸ್‌ಒ 160, ಡಿಆರ್200ಕ್ಕೆ ಕನಿಷ್ಠ 320, ಡಿಆರ್400ಕ್ಕೆ 640, ಅದೇ ಕಾರಣಕ್ಕೆ. ಲೈಟ್‌ರೂಮ್ ಇದನ್ನು ಓದಿ ತಾನೇ ಸರಿದೂಗಿಸುತ್ತೆ, ಡಾರ್ಕ್‌ಟೇಬಲ್ಲಿನ ಹಳೇ ಆವೃತ್ತಿಗಳಲ್ಲಿ ಕೈಯಿಂದ ಮಾಡಬೇಕು: ಡಾರ್ಕ್‌ಟೇಬಲ್ ತಾನೇ ಹಾಕೋ ಮಾಮೂಲಿ +0.7ಕ್ಕೆ 2 ಸೇರಿಸಿ ಎಕ್ಸ್‌ಪೋಶರ್ +2.7. ಅದನ್ನು ಸ್ಟೈಲ್ (ಉಳಿಸಿಟ್ಟ ಸೆಟ್ಟಿಂಗ್) ಮಾಡಿಟ್ಟು ಆ ಫೈಲುಗಳಿಗೆಲ್ಲಾ ಒಂದೇ ಸಲ ಹಚ್ಚಿ. ಮುಂದೆ ರಾ ಮಾತ್ರ ತೆಗೀತೀರಾದರೆ ಡಿಆರ್100ಕ್ಕೆ ಹಾಕಿಬಿಡಿ.

ಚೌಕಿಮನೆ:

ಪ್ರಿಂಟಿನ ಬಗ್ಗೆ ಒಂದು ಮಾತು. 12×18ಕ್ಕೆ 300 ಡಿಪಿಐ ಅಂದರೆ 3600×5400, ನಿಕಾನ್ ಫೈಲ್ ಹಿಗ್ಗಿಸದೇ ಸಾಲುತ್ತೆ. ಲ್ಯಾಬಿನವರು ಬೇರೆ ಹೇಳದಿದ್ದರೆ ಎಸ್‌ಆರ್‌ಜಿಬಿ (ಮಾಮೂಲಿ ಬಣ್ಣದ ವ್ಯಾಪ್ತಿ) ಜೆಪೆಗ್ ಕೊಡಿ, ಕ್ವಾಲಿಟಿ 95. ರಂಗದ ನೀಲಿ ಇರೋ ಚಿತ್ರವನ್ನು ಮೊದಲು 4×6 ಹಾಕಿಸಿ ನೋಡಿ. ಆ ನೀಲಿ ಪರದೆ ಮೇಲೆ ಕಂಡಷ್ಟು ಕಾಗದದ ಮೇಲೆ ಬರಲ್ಲ.