ಪೋಷಕರು ಬೇರೆಯಾದಾಗ ಮಗುವಿನ ಸಮಯ: ಸಮಪಾಲು ಕಾನೂನಾಗಬೇಕೆ?

ಪ್ರಭಾಕರ: ತಂದೆತಾಯಿ ಬೇರೆಯಾದ ಮೇಲೂ ಮಗು ಇಬ್ಬರ ಬಳಿ ಸಮನಾಗಿ ಇರಬೇಕೆಂಬ ಪೂರ್ವಭಾವನೆಯಿಂದಲೇ, ಅಂದರೆ ಬೇರೆ ರೀತಿ ಸಾಬೀತಾಗುವವರೆಗೆ ಅದೇ ಸರಿ ಎಂದು ಒಪ್ಪಿಕೊಂಡೇ, ನ್ಯಾಯಾಲಯವು ವಿಚಾರಣೆಯನ್ನು ಆರಂಭಿಸಬೇಕು. ಅಮೆರಿಕದ ಕೆಂಟಕಿ ರಾಜ್ಯವು 2018ರಲ್ಲಿ ಇಂಥ ಕಾನೂನನ್ನು ತಂದಿತು. ಬೇಡವೆನ್ನುವವರು ಕಾರಣವನ್ನು ಸಾಬೀತುಪಡಿಸಲಿ. ತಿಂಗಳಿಗೆರಡು ಭಾನುವಾರ ಮಾತ್ರ ಮಗುವಿನ ಮುಖ ನೋಡುವ ತಂದೆ ಅದಕ್ಕೆ ಬರಬರುತ್ತಾ ಅಪರಿಚಿತನಾಗುತ್ತಾನೆ.

ಸುಮತಿ: “ಸಾಬೀತುಪಡಿಸಲಿ” ಎಂದಿರಿ. ಮನೆಯೊಳಗೆ ಯಾರೂ ಕಾಣದಂತೆ ಏಟು ತಿಂದವಳು ಯಾವ ಸಾಕ್ಷಿಯನ್ನು ತರಬೇಕು? ಆಸ್ಟ್ರೇಲಿಯಾ 2006ರಲ್ಲಿ ತಂದ ಸಮಾನ ಸಮಯದ ಕಾನೂನನ್ನು 2023ರಲ್ಲಿ ತಾನೇ ಕೈಬಿಟ್ಟಿತು.

ಗಿರೀಶ: “ಸಮಾನ ಸಮಯದ ಕಾನೂನು” ಎಂಬುದು ತಪ್ಪು. ಅಲ್ಲಿನ ಪೂರ್ವಭಾವನೆ ಇದ್ದದ್ದು ಸಮಾನ ಹೊಣೆಗಾರಿಕೆಯ ಬಗ್ಗೆ, ಅಂದರೆ ಮಗುವಿನ ಶಿಕ್ಷಣ, ಆರೋಗ್ಯ, ಧರ್ಮದಂತಹ ದೀರ್ಘಕಾಲದ ನಿರ್ಧಾರಗಳ ಬಗ್ಗೆ. ದಿನಗಳ ಹಂಚಿಕೆಯ ಬಗ್ಗೆ ಅಲ್ಲ.

ಸುಮತಿ: ಆ ಹೊಣೆಗಾರಿಕೆಯ ಆದೇಶವಾದರೆ, ಸಮಾನ ಸಮಯ ಕೊಡಬಹುದೇ ಎಂದು ನ್ಯಾಯಾಲಯ ಪರಿಶೀಲಿಸಲೇಬೇಕಿತ್ತು. ಅದನ್ನೇಕೆ ಹೇಳಲಿಲ್ಲ?

ಗಿರೀಶ: ಪರಿಶೀಲಿಸಬೇಕಿತ್ತು, ಕೊಡಲೇಬೇಕಿರಲಿಲ್ಲ. ಮಗುವಿನ ಹಿತವನ್ನೂ ವ್ಯವಸ್ಥೆ ನಡೆದೀತೇ ಎಂಬುದನ್ನೂ ನೋಡಬೇಕಿತ್ತು. ಹಿಂಸೆ ನಡೆದಿದೆಯೆಂದು ನಂಬಲು ಸಕಾರಣವಿದ್ದಲ್ಲಿ ಪೂರ್ವಭಾವನೆಯೇ ಅನ್ವಯಿಸುತ್ತಿರಲಿಲ್ಲ.

ಪ್ರಭಾಕರ: “ಅನ್ವಯಿಸುತ್ತಿರಲಿಲ್ಲ”! ಸುಮತಿಯವರ ಭಯಕ್ಕೆ ಕಾನೂನಿನಲ್ಲೇ ಉತ್ತರವಿತ್ತು. ಕೆಂಟಕಿಯಲ್ಲೂ ಕೌಟುಂಬಿಕ ಹಿಂಸೆಗಾಗಿ ತಮ್ಮ ವಿರುದ್ಧ ನ್ಯಾಯಾಲಯದ ಆದೇಶವಿರುವವರಿಗೆ ಈ ಲಾಭವಿಲ್ಲ.

ಸುಮತಿ: ಉತ್ತರವಿದ್ದಿದ್ದರೆ ಆಸ್ಟ್ರೇಲಿಯಾದ ಸಂಸತ್ತು ಆ ಪೂರ್ವಭಾವನೆಯನ್ನು ತೆಗೆದುಹಾಕಿದ್ದೇಕೆ? ಸಮಾನ ಸಮಯ ತಮ್ಮ ಹಕ್ಕೆಂಬ ತಪ್ಪು ತಿಳಿವಳಿಕೆ ಪೋಷಕರಲ್ಲಿ ಹರಡಿತ್ತು; ನ್ಯಾಯಾಲಯದ ಮೆಟ್ಟಿಲೇರದೆ ಹೊರಗೇ ಒಪ್ಪಂದ ಮಾಡಿಕೊಳ್ಳುವ ಹೆದರಿದ ತಾಯಿಗೆ ಗಿರೀಶರು ಬಿಡಿಸಿ ಹೇಳುವ ಈ ಸೂಕ್ಷ್ಮಗಳು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಗಿರೀಶ: ತಪ್ಪು ತಿಳಿವಳಿಕೆ ಎಂದು ನೀವೇ ಬರೆದಿದ್ದೀರಿ. ನಾನು ಮೊದಲು ತಿದ್ದಿದ್ದೂ ಅದನ್ನೇ.

ಲಲಿತಾ: ನೀವು ಮೂವರೂ ಆಸ್ಟ್ರೇಲಿಯಾದಲ್ಲೇ ನಿಂತುಬಿಟ್ಟಿದ್ದೀರಿ. ವಾರದ ನಡುವೆ ಚೀಲ ಕಟ್ಟಿಕೊಂಡು ಮನೆ ಬದಲಿಸುವ ಹುಡುಗಿ, ನಾಳೆಯ ಪರೀಕ್ಷೆಯ ಗಣಿತ ಪುಸ್ತಕ ಆ ಮನೆಯಲ್ಲೇ ಉಳಿಯಿತೆಂದು ರಾತ್ರಿ ಒಂಬತ್ತಕ್ಕೆ ಅಳುತ್ತಾಳೆ. ತರಿಸಿಕೊಡಲು ಅವಳ ಅಪ್ಪ ಅಮ್ಮ ಪರಸ್ಪರ ಮಾತೇ ಆಡುವುದಿಲ್ಲ. ಎರಡು ಮನೆಗಳ ದೂರ, ಮಗುವಿನ ವಯಸ್ಸು, ಪೋಷಕರ ನಡುವಿನ ಮಾತುಕತೆ ಇವನ್ನು ನೋಡದೆ ಸಮಪಾಲಿನಿಂದ ಆರಂಭಿಸುವುದು ಮಗುವಿಗೆ ಅನ್ಯಾಯ.

ಪ್ರಭಾಕರ: ಒಂದು ಪುಸ್ತಕಕ್ಕಾಗಿ ಅವಳು ತಂದೆಯನ್ನು ಕಳೆದುಕೊಳ್ಳಬೇಕೆ? ಎರಡು ಪ್ರತಿ ಕೊಳ್ಳಬಹುದು. ಇಬ್ಬರೊಂದಿಗೂ ನಿಯಮಿತ ಸಂಪರ್ಕ ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ.

ಗಿರೀಶ: ಮಗುವಿನ ಹಿತಕ್ಕೆ ವಿರುದ್ಧವಾಗದಿದ್ದರೆ ಎಂಬ ಅದೇ ವಿಧಿಯ ಷರತ್ತನ್ನು ಬಿಟ್ಟುಬಿಟ್ಟಿರಿ.

ಪ್ರಭಾಕರ: ವಿರುದ್ಧವೆಂದು ತೋರಿಸುವವರೆಗೆ ತಡೆಯುವಂತಿಲ್ಲ ಎಂದೇ ಅದರ ಅರ್ಥ. ನಾನು ಕೇಳಿದ್ದೂ ಅದನ್ನೇ.

ಸುಮತಿ: ಅಲ್ಲ. ಆ ವಿಧಿಯಲ್ಲಿರುವುದು ಸಂಪರ್ಕ, ನೀವು ಕೇಳಿದ್ದು ಅರ್ಧ ಪಾಲು.