ದೇವರು ಕ್ಷಮಿಸಿದ ಮೇಲೂ ಅಕ್ಕನಿಗೆ ಹೇಳಬೇಕಾ?

ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು: ‘ಉಜ್ಜೀವನ ಕೂಟದಲ್ಲಿ ಅತ್ತು ಪಶ್ಚಾತ್ತಾಪಪಟ್ಟೆ. ಜೀವನವನ್ನು ಕರ್ತನಿಗೆ ಒಪ್ಪಿಸಿದೆ. ಆದರೆ 12 ವರ್ಷದ ಹಿಂದೆ, ಖಾತೆ ಬದಲಾವಣೆಗೆ ಎಂದು ಸುಳ್ಳು ಹೇಳಿ ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನಿಂದ ಸಹಿ ಹಾಕಿಸಿಕೊಂಡಿದ್ದೆ. ದೇವರೇ ಕ್ಷಮಿಸಿದ ಮೇಲೆ ಕೆದಕಬೇಡಿ ಅನ್ನುತ್ತಾಳೆ ಹೆಂಡತಿ. ನನಗೆ ನಿದ್ದೆ ಬರುತ್ತಿಲ್ಲ.’

ಹುಬ್ಬಳ್ಳಿಯಿಂದ:
ಮೊದಲು ಅಕ್ಕನ ಪಾಲು ವಾಪಸ್ ಕೊಡಿ. ನಿದ್ದೆಯ ಮಾತು ಆಮೇಲೆ.

ಶಿವಮೊಗ್ಗದಿಂದ:
ಬೈಬಲ್‌ನಲ್ಲಿ ಎಫೆಸ 2:8 ಓದಿ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನಮ್ಮ ಕೆಲಸದಿಂದಲ್ಲ. ತೊಳೆದ ಪಾಪವನ್ನು ಮತ್ತೆ ಎತ್ತಿದರೆ ಶಿಲುಬೆ ಸಾಲಲಿಲ್ಲ ಅಂದ ಹಾಗಾಗುತ್ತದೆ.

*ಇದೇ ಅಭಿಪ್ರಾಯದ ಪತ್ರಗಳು ಇನ್ನೂ ಮೂರು ಬಂದಿವೆ. ಪಾಲು ಕಳೆದುಕೊಂಡವರು ಬರೆದ ಪತ್ರಗಳಲ್ಲಿ ಮಾತ್ರ ಈ ಮಾತು ಕಾಣಲಿಲ್ಲ. ಅಂಥ ಒಂದನ್ನು ಪೂರ್ತಿಯಾಗಿ ಕೊಡುತ್ತಿದ್ದೇವೆ. – ಸಂ.*

ಉಡುಪಿ ಕಡೆಯ ಓದುಗರು, ಹೆಸರು ಬೇಡ ಎಂದಿದ್ದಾರೆ:
ಪತ್ರ ಓದಿ ಕೈ ನಡುಗಿತು. ನನ್ನ ತಮ್ಮನೇ ಬರೆದನಾ ಅನ್ನಿಸಿತು. ಆದರೆ ಅವನು ತೀರಿಕೊಂಡು ಮೂರು ವರ್ಷವಾಯಿತು.

ಅಪ್ಪನದು ಹೆಂಚಿನ ಮನೆ, ಹಿತ್ತಲಲ್ಲಿ ತೆಂಗಿನ ಮರಗಳು. ಒಂದು ಸೈನ್ ಬೇಕು ಅಂತ ತಮ್ಮ ನನ್ನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದ. ನಾನು ಓದಿ ನೋಡಲಿಲ್ಲ. ತಮ್ಮ ಅಲ್ವಾ. ಹೆಬ್ಬೆಟ್ಟಿನ ಶಾಯಿ ಒರೆಸಲು ಅವನೇ ಕರ್ಚೀಫ್ ಕೊಟ್ಟ. ಹೊರಗೆ ಬಂದು ಬಾದಾಮಿ ಹಾಲು ಕುಡಿಸಿದ.

ಮಗಳ ನರ್ಸಿಂಗ್ ಫೀಸಿಗೆ ನಾನು ಬಳೆ ಮಾರಿದ ವರ್ಷವೇ ಅವನು ಅಲ್ಲಿ ತಾರಸಿ ಮನೆ ಕಟ್ಟಿದ. ಆಮೇಲೊಂದು ದಿನ ಚರ್ಚಿನಲ್ಲಿ ಎದ್ದು ಸಾಕ್ಷಿ ಹೇಳಿದ. ‘ಒಡಹುಟ್ಟಿದವಳಿಗೇ ಮೋಸ ಮಾಡಿದ ಪಾಪಿ ನಾನು, ಕರ್ತನು ನನ್ನನ್ನು ಕ್ಷಮಿಸಿದನು’ ಅಂದ. ಎಲ್ಲರೂ ಹಲ್ಲೆಲೂಯ ಅಂದರು. ನಾನು ಹೆಂಗಸರ ಕಡೆ ನಾಲ್ಕನೇ ಬೆಂಚಿನಲ್ಲಿ ಕೂತಿದ್ದೆ. ಆರಾಧನೆ ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಹೋದ. ಇಡೀ ಸಭೆಗೆ ಹೇಳಿದವನು ನನಗೆ ಹೇಳಲಿಲ್ಲ.

ಆಸ್ತಿ ಮುಖ್ಯ ಅಲ್ಲ ಅಂತ ನಾನು ಹೇಳಲ್ಲ. ನಮ್ಮಂಥವರಿಗೆ ಮುಖ್ಯವೇ. ಆದರೂ ಅವನು ಆಸ್ಪತ್ರೆಯಲ್ಲಿದ್ದಾಗ ಗಂಜಿ ತೆಗೆದುಕೊಂಡು ಎರಡು ಸಲ ಹೋಗಿದ್ದೆ. ಕೈ ಹಿಡಿದು ಸುಮ್ನೆ ನೋಡಿದ. ಬಾಯಿ ಬಿಡುತ್ತಾನೆ ಅಂತ ಕಾದೆ. ಈಗ ಪ್ರಾರ್ಥನೆಯಲ್ಲಿ ‘ಅವನನ್ನು ಕ್ಷಮಿಸಿದ್ದೇನೆ’ ಅನ್ನುತ್ತೇನೆ. ಮಾರನೇ ದಿನ ಮತ್ತೆ ಅನ್ನಬೇಕಾಗುತ್ತದೆ.

ತಮ್ಮಾ, ನಿನ್ನ ಅಕ್ಕ ಬದುಕಿದ್ದಾಳೆ. ಹೋಗಪ್ಪ.

ಧಾರವಾಡದ ಭಾನುವಾರ ಶಾಲೆ ಶಿಕ್ಷಕಿ:
ನಮ್ಮ ಹಳೆಯ ಕನ್ನಡ ಬೈಬಲ್‌ನಲ್ಲಿ ಮಾರ್ಕ 1:15 ನೋಡಿ. ‘ದೇವರ ಕಡೆಗೆ ತಿರುಗಿಕೊಂಡು’ ಸುವಾರ್ತೆ ನಂಬಿ ಅನ್ನುತ್ತಾನೆ ಯೇಸು. ಅಳಿ ಅನ್ನಲಿಲ್ಲ, ತಿರುಗಿಕೊಳ್ಳಿ ಅಂದ. ತಪ್ಪು ಬಸ್ ಹತ್ತಿದವರು ಸೀಟಲ್ಲೇ ಕೂತು ಅತ್ತರೆ ಊರು ಸೇರುತ್ತಾರಾ?

ಯೇಸುವನ್ನು ನೋಡಲು ಮರ ಹತ್ತಿದ ಸುಂಕ ವಸೂಲಿಗಾರ ಜಕ್ಕಾಯನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ವಿಷಯ ಒತ್ತಿ ಹೇಳುತ್ತೇನೆ. ಅವನು ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಮೋಸ ಮಾಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಆದರೆ ಅದಕ್ಕೂ ಮೊದಲೇ ‘ಈ ಹೊತ್ತು ನಿನ್ನ ಮನೆಯಲ್ಲಿ ಇರಬೇಕು’ ಅಂತ ಯೇಸು ಅವನನ್ನು ಮರದಿಂದ ಇಳಿಸಿದ್ದ. ಕೃಪೆ ಮೊದಲು ಬಂತು. ಬಂದದ್ದಕ್ಕೇ ಅವನು ಲೆಕ್ಕದ ಪುಸ್ತಕ ತೆರೆದ. ಶಿವಮೊಗ್ಗದವರ ಮಾತಿಗೂ ಇದರಲ್ಲಿ ಜಾಗ ಇದೆ ಅಂದುಕೊಂಡಿದ್ದೇನೆ.

ಬೆಂಗಳೂರಿನಿಂದ:
ಹೆಂಡತಿಯನ್ನು ಬೈಯಬೇಡಿ. ಆಕೆಗೆ ಮನೆ ಹೋಗುವ ಭಯ. ಶಿಷ್ಯನಾಗುವವನು ಗೋಪುರ ಕಟ್ಟುವವನ ಹಾಗೆ ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಲೂಕ 14ರಲ್ಲಿದೆ. ಇಬ್ಬರೂ ಜೊತೆಗೆ ಕೂತು ಹಾಕಿ.

ಮಂಗಳೂರಿನ ವಕೀಲರು:
ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅಕ್ಕನ ಪಾಲನ್ನು ದಾನಪತ್ರ ಮಾಡಿ ನೋಂದಾಯಿಸಬಹುದು. ಒಡಹುಟ್ಟಿದವರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಆದರೆ ಕಾಗದದಲ್ಲಿ ದಾನ ಅಂತ ಇದೆಯೆಂದು ಅಕ್ಕನ ಮುಂದೆ ಆ ಪದ ಬಳಸಬೇಡಿ.

*ಪತ್ರ ಬರೆದ ಓದುಗರೇ, ಮುಂದೇನಾಯಿತು ತಿಳಿಸಿ. ನಿಮ್ಮ ಅಕ್ಕನವರು ಬರೆದರೆ ಅದನ್ನೂ ಪ್ರಕಟಿಸುತ್ತೇವೆ. – ಸಂ.*