ಪಾತ್ರಕ್ಕೆ ದನಿ ಕೊಟ್ಟವರು ತೀರಿಕೊಂಡಾಗ ನಿಮ್ಮ ಗುಂಪಿನಲ್ಲಿ ಏನು ಮಾಡಿದಿರಿ?

ಪ್ರಶ್ನೆ: ನಮ್ಮದು ಸಣ್ಣ ಗೇಮಿಂಗ್ ಗುಂಪು. ವರ್ಷಗಟ್ಟಲೆ ಆಡಿದ ಗೇಮಿನ ಮುಖ್ಯ ಪಾತ್ರಕ್ಕೆ ದನಿ ಕೊಟ್ಟ ನಟರು ಮೊನ್ನೆ ತೀರಿಕೊಂಡರು. ಶನಿವಾರ ಎಲ್ಲ ಸೇರಿ ಅವರನ್ನು ನೆನೆಯಬೇಕು ಅಂತಿದ್ದೇವೆ. ಎಐ ಬಳಸಿ ಅವರದೇ ದನಿಯಲ್ಲಿ ವಿದಾಯದ ಮಾತು ಮಾಡಿಸೋಣ ಅಂತ ಇಬ್ಬರು ಹಟ ಹಿಡಿದಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಡೆಸ್ಟಿನಿ 2 ಆಡುವವರು: ನಟ ಲ್ಯಾನ್ಸ್ ರೆಡ್ಡಿಕ್ ಹೋದದ್ದು 2023ರ ಮಾರ್ಚ್ 17ರಂದು. 2014ರಿಂದಲೂ ಈ ಗೇಮ್ ಸರಣಿಯ ಕಮಾಂಡರ್ ಝವಾಲಾನ ದನಿ ಅವರದೇ. ಸುದ್ದಿ ಓದಿ ಲಾಗಿನ್ ಆದೆ. ಆಟಗಾರರೆಲ್ಲ ಸೇರುವ ಟವರ್‌ನಲ್ಲಿ ಝವಾಲಾ ಎಂದಿನ ಜಾಗದಲ್ಲೇ ನಿಂತಿದ್ದ. ಸುತ್ತ ಗುರುತು ಪರಿಚಯ ಇಲ್ಲದ ಗಾರ್ಡಿಯನ್‌ಗಳು (ಆಟಗಾರರ ಪಾತ್ರಗಳು), ಕೆಲವರು ಸೆಲ್ಯೂಟ್ ಮಾಡ್ತಾ, ಕೆಲವರು ಮಂಡಿಯೂರಿ. ಒಬ್ಬ ಹೋದರೆ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ನಿಮಗೂ ಅಷ್ಟು ಸಾಕು: ಜಾಗ, ಹೊತ್ತು ಹೇಳಿ, ಮಿಕ್ಕಿದ್ದನ್ನು ಬಂದವರಿಗೆ ಬಿಡಿ. ದುಡ್ಡು ಸೇರಿಸುವ ಯೋಚನೆ ಇದ್ದರೆ ಮೊದಲು ಮನೆಯವರು ಏನು ಹೇಳಿದ್ದಾರೆ ನೋಡಿ. ರೆಡ್ಡಿಕ್ ಮನೆಯವರು ಅವರ ಹುಟ್ಟೂರು ಬಾಲ್ಟಿಮೋರ್‌ನ ಮಾಮ್‌ಕೇರ್ಸ್ ಸಂಸ್ಥೆಗೆ ಕೊಡಿ ಅಂದಿದ್ದರು. ಆಮೇಲೆ ಆ ಪಾತ್ರ ಕೀತ್ ಡೇವಿಡ್ ಅವರ ಪಾಲಿಗೆ ಬಂತು. ಹೊಸಬರು ಬಂದರೆ ದಯವಿಟ್ಟು ಅವರನ್ನು ಬೈಯಬೇಡಿ, ಅದೂ ಹೋದವರಿಗೆ ಕೊಡುವ ಮರ್ಯಾದೆಯೇ.

ವಾರ್‌ಕ್ರಾಫ್ಟ್ ಹಳಬರು: ಜಾಗ, ಹೊತ್ತು ಹೇಳಿ, ಆದರೆ ಊರಿಗೆಲ್ಲ ಸಾರಬೇಡಿ. 2006ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ತೀರಿಹೋದ ಆಟಗಾರ್ತಿಯೊಬ್ಬರನ್ನು ನೆನೆಯಲು ಆಟದೊಳಗಿನ ವಿಂಟರ್‌ಸ್ಪ್ರಿಂಗ್‌ನಲ್ಲಿ ಸೇರುತ್ತೇವೆ ಅಂತ ಮುಂಚೆಯೇ ತಿಳಿಸಿದ್ದರು. ಎದುರು ಬಣದ ಗಿಲ್ಡ್ (ಆಟಗಾರರ ತಂಡ) ನುಗ್ಗಿ ಎಲ್ಲರ ಪಾತ್ರಗಳನ್ನೂ ಕೊಂದುಹಾಕಿ ವಿಡಿಯೋನೂ ಮಾಡಿತು. ಇಷ್ಟು ವರ್ಷ ಆದರೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತೆ. ಆಟಗಾರರು ಒಬ್ಬರನ್ನೊಬ್ಬರು ಹೊಡೆಯಲಾಗದ, ಅಂದರೆ ಪಿವಿಪಿ ಇಲ್ಲದ ಜಾಗ ಆರಿಸಿ.

ಫೈನಲ್ ಫ್ಯಾಂಟಸಿ 14ರವರು: 2021ರಲ್ಲಿ ಮಾಂಗಾ (ಜಪಾನಿ ಕಾಮಿಕ್ಸ್) ಕಲಾವಿದ ಕೆಂಟಾರೊ ಮಿಯುರಾ ತೀರಿಕೊಂಡಾಗ ನಮ್ಮಲ್ಲಿ ಜನ ಆಟದ ಡಾರ್ಕ್ ನೈಟ್ ಎಂಬ ಯೋಧನ ವೇಷ ತೊಟ್ಟು, ಬೆನ್ನಿಗೆ ದೊಡ್ಡ ಕತ್ತಿ ಸಿಕ್ಕಿಸಿಕೊಂಡು, ಬೀದಿಯ ಎರಡೂ ಬದಿ ಸಾಲಾಗಿ ನಿಂತರು. ಅವರು ಬರೆದ ನಾಯಕನ ಕತ್ತಿ ಅಂಥದ್ದು. ನಿಮ್ಮ ನಟರ ಪಾತ್ರದ ಗುರುತು ಏನು, ಅದನ್ನು ತೊಟ್ಟು ಬನ್ನಿ.

ಸೌಂಡ್ ಎಡಿಟಿಂಗ್ ಕೆಲಸದವರು: ಎಐ ಬೇಡವೇ ಬೇಡ. ಸೈಬರ್‌ಪಂಕ್ 2077ರ ಪೋಲಿಷ್ ಆವೃತ್ತಿಯಲ್ಲಿ ವಿಕ್ಟರ್ ಪಾತ್ರಕ್ಕೆ ದನಿ ಕೊಟ್ಟಿದ್ದ ಮಿವೊಗೊಸ್ಟ್ ರೆಚೆಕ್ 2021ರಲ್ಲಿ ತೀರಿಕೊಂಡರು. ಅದೇ ಗೇಮಿನ 2023ರ ಹೆಚ್ಚುವರಿ ಭಾಗ ಫ್ಯಾಂಟಮ್ ಲಿಬರ್ಟಿಗೆ ಅವರ ದನಿ ಬೇಕಾದಾಗ ಸ್ಟುಡಿಯೋ ಮೊದಲು ಅವರ ಮಕ್ಕಳನ್ನು ಕೇಳಿತು. ಇನ್ನೊಬ್ಬ ನಟ ಸಂಭಾಷಣೆ ಹೇಳಿ, ಆಮೇಲೆ ಅದನ್ನು ಎಐ ಬಳಸಿ ರೆಚೆಕ್ ದನಿಗೆ ತಿರುಗಿಸಿದರು. ಅದೂ ಬರೆದಿಟ್ಟ ಪಾತ್ರದ ಮಾತು. ನಿಮ್ಮವರು ಮಾಡಹೊರಟಿರುವುದು ಆ ಮನುಷ್ಯ ಎಂದೂ ಆಡದ ಮಾತು. ಒಪ್ಪಿಗೆ ಇದ್ದರೂ ಕೈತಪ್ಪುತ್ತೆ: 2025ರಲ್ಲಿ ಫೋರ್ಟ್‌ನೈಟ್‌ನಲ್ಲಿ ತೀರಿಹೋದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ಎಐ ದನಿಯ, ಸ್ಟಾರ್ ವಾರ್ಸ್ ಸಿನಿಮಾದ ಡಾರ್ತ್ ವೇಡರ್‌ನನ್ನು ಮನೆಯವರ ಒಪ್ಪಿಗೆಯಿಂದಲೇ ತಂದರು, ಆಟಗಾರರು ಆ ದನಿಯಿಂದ ಕೆಟ್ಟ ಬೈಗುಳ ಹೇಳಿಸಿದರು. ತೀರಿಹೋದವರು ಎದ್ದು ಬಂದು ಬೇಡ ಅನ್ನೋಕೆ ಆಗಲ್ಲ.

ಅದರ ಬದಲು ಅವರು ನಿಜವಾಗಿ ಆಡಿದ ಸಂಭಾಷಣೆಗಳಲ್ಲಿ ಒಬ್ಬೊಬ್ಬರೂ ಒಂದೊಂದು ಕ್ಲಿಪ್ ತನ್ನಿ, ಯಾವ ಮಿಷನ್‌ನದು ಅಂತ ಬರೆದಿಡಿ. ಜೋಡಿಸಿ ಕೊಡುವ ಕೆಲಸ ನಾನು ಮಾಡ್ತೀನಿ, ಶುಕ್ರವಾರದೊಳಗೆ ಕಳಿಸಿ.